ನಾಳೆ ಬಾ ಎನ್ನದ ಅಂಗಡಿ

ಹೊಸಪೇಟೆಯಲ್ಲಿ ಚಿತ್ತವಾಡಗಿ ಕಡೆ ಹೋಗುವ ದಾರಿಗೆ ಮೂಕಣ್ಣನ ಅಂಗಡಿಯಿದೆ. ಮಿಕ್ಸರ್, ಫ್ಯಾನು, ಪಂಪ್‌ಸೆಟ್ಟಿನ ಸ್ಟಾರ್ಟರು ರಿಪೇರಿ ಮಾಡಲಾಗುತ್ತದೆ ಎಂದು ಬೋರ್ಡು ಹೇಳುತ್ತದೆ. ಒಳಗೆ ಕಾಲಿಟ್ಟರೆ ಅರ್ಧ ಜಾಗವನ್ನು ಒಂದು ಉದ್ದನೆಯ ಬೆಂಚೇ ನುಂಗಿದೆ. ಅದರ ಮೇಲೆ ಊಟದ ಮಣೆಯಷ್ಟಗಲದ ಬೇವಿನ ಹಲಗೆಗಳು, ಹಲಗೆಗಳ ಮುಂದೆ ಯಾರೋ ಒಬ್ಬರು ತಲೆ ಬಗ್ಗಿಸಿ ಕೂತಿರುತ್ತಾರೆ. ಇಂಥವರೇ ಎಂದಿಲ್ಲ. ಬಾಳೆ ತೋಟದವರು, ಟೈಲರು, ಮಗ್ಗಿ ಮರೆತು ಮೂವತ್ತು ವರ್ಷವಾದವರು, ಯಾರು ಬೇಕಾದರೂ ಬಂದು ಕೂತುಕೊಳ್ಳಬಹುದು. ಬಂದವರೆಲ್ಲ ಒಂದಲ್ಲ ಒಂದು ಹೊತ್ತಿಗೆ ತಲೆಯೆತ್ತಿ, "ಹಚ್ಚಿ ನೋಡ್ಲೇನ್ರಿ?" ಎಂದು ಕೇಳುತ್ತಾರೆ. ಮೂಕಣ್ಣ ತಿರುಗಿ ಕೂಡ ನೋಡದೆ "ಹಚ್ಚು" ಎನ್ನುತ್ತಾನೆ. ಹನ್ನೆರಡು ವರ್ಷದಲ್ಲಿ ಒಬ್ಬರಿಗೂ ಅವನು ಬೇಡ ಎಂದದ್ದಿಲ್ಲ, ತಾಳು ಎಂದದ್ದಿಲ್ಲ.

ಇವನದು ಎಂಥ ಧಾರಾಳ ಎಂದು ಜನ ಹೊಗಳುತ್ತಾರೆ. ಹೊಗಳುವವರಿಗೇನು, ಒಳಗಿನ ಹುಣ್ಣು ಅವರಿಗೆ ಕಂಡೀತೆ? ಬೆಂಚಿನಲ್ಲಿ ಕೂತವರು ಬಾಯಿ ಬಿಡುವ ಮೊದಲೇ ಆ ಮಾತು ಮೂಕಣ್ಣನ ಕಿವಿಗೆ ಬಿದ್ದಿರುತ್ತದೆ. ಬೆಂಚಿನ ಆಚೆ ತುದಿಯಿಂದ, ಯಾರೂ ಕೂರದ ಜಾಗದಿಂದ, ನಗುನಗುತ್ತಲೇ ಒಂದು ದನಿ ಕೇಳುತ್ತದೆ: "ಅಣ್ಣಾ, ಹಚ್ಚಿ ನೋಡ್ಲೇನು?" ಆ ದನಿಯವನು ಸತ್ತು ಹದಿನಾರು ವರ್ಷವಾಯಿತು. ಮೂಕಣ್ಣನ "ಹಚ್ಚು" ಅವನಿಗೆ ಕೊಟ್ಟ ಉತ್ತರ. ಎದುರಿಗೆ ಕೂತವರಿಗೆ ಅದರ ಲಾಭ ಸಿಗುತ್ತದೆ, ಅಷ್ಟೆ.

ಹಲಗೆಯ ವಿಷಯ ಮೊದಲು ಹೇಳಿಬಿಡಬೇಕು. ಎಲೆಕ್ಟ್ರಾನಿಕ್ಸ್ ಕಲಿತವರು ಹೊಸದೇನಾದರೂ ಮಾಡುವಾಗ ನೇರ ಬೆಸುಗೆ ಹಾಕುವುದಿಲ್ಲ. ಒಂದು ಬಿಳಿ ಪ್ಲಾಸ್ಟಿಕ್ ತುಂಡಿನ ಸಣ್ಣ ಸಣ್ಣ ತೂತುಗಳಿಗೆ ಕೂದಲಿನಂಥ ತಂತಿ ಚುಚ್ಚಿ, ತಮ್ಮ ಯೋಚನೆ ಸರಿಯೋ ತಪ್ಪೋ ಎಂದು ಪರೀಕ್ಷೆ ಮಾಡಿಕೊಳ್ಳುತ್ತಾರೆ. ಅದಕ್ಕೆ ಚುರುಕು ಕಣ್ಣು ಬೇಕು, ನಯವಾದ ಬೆರಳು ಬೇಕು, ಇಂಗ್ಲಿಷ್ ಓದಲು ಬರಬೇಕು. ಗುದ್ದಲಿ ಹಿಡಿದ ಕೈಗೆ ಆ ತೂತು ಸಿಗುವುದೇ ಇಲ್ಲ. ಮೂಕಣ್ಣ ತೂತಿನ ಗೊಡವೆಯೇ ಬೇಡವೆಂದು, ಕುಪ್ಪಸಕ್ಕೆ ಹೊಲಿಯುವ ಟಿಚ್ ಬಟನ್ನಿನ ಅರ್ಧವನ್ನು ಬೇವಿನ ಹಲಗೆಯ ಮೇಲೆ ಸಾಲಾಗಿ ಕೂರಿಸಿದ. ಇನ್ನರ್ಧವನ್ನು ಸಣ್ಣ ಮರದ ತುಂಡುಗಳ ಅಡಿಗೆ ಬಡಿದ. ಒಂದೊಂದು ತುಂಡಿನ ಮೇಲೆ ಒಂದೊಂದು ಸಾಮಾನು. ಬೆಳಕನ್ನು ಗುರುತು ಹಿಡಿಯುವ ತುಂಡಿಗೆ ಕಣ್ಣಿನ ಚಿತ್ರ, ಸದ್ದನ್ನು ಹಿಡಿಯುವುದಕ್ಕೆ ಕಿವಿ, ಸ್ವಿಚ್ಚಿಗೆ ಬೆರಳು, ಸದ್ದು ಮಾಡುವುದಕ್ಕೆ ಗಂಟೆ. ಅಕ್ಷರ ಬಾರದಿದ್ದರೂ ನಡೆಯುತ್ತದೆ. ಒತ್ತಿದರೆ ಟಕ್ಕೆಂದು ಕೂರುತ್ತದೆ, ಎಳೆದರೆ ಕೈಗೆ ಬರುತ್ತದೆ. ಜೀವ ತುಂಬಲು ಒಂದು ಒಂಬತ್ತು ವೋಲ್ಟಿನ ಬ್ಯಾಟರಿ. ಗೋಡೆಯ ಕರೆಂಟು ಹಲಗೆಯ ಹತ್ತಿರ ಸುಳಿಯಕೂಡದು, ಅದೊಂದೇ ಅಂಗಡಿಯ ಕಟ್ಟಳೆ. ತಪ್ಪು ಹಚ್ಚಿದರೆ ಗಂಟೆ ಹೊಡೆಯುವುದಿಲ್ಲ, ಇನ್ನೇನೂ ಆಗುವುದಿಲ್ಲ.

ಸಂಡೂರಿನ ಒಬ್ಬ ಲಂಬಾಣಿ ಹೆಣ್ಣುಮಗಳು ಹಲಗೆಯ ಮುಂದೆ ಮೂರು ದಿನ ಕೂತು, ಲಂಗದ ಕಸೂತಿಯ ಕನ್ನಡಿಗಳ ಹಿಂದೆ ಮಿಣಿಮಿಣಿ ದೀಪ ಹೊತ್ತಿಸಿಕೊಂಡು ಹೋದಳು. ಹಂಪಿಯಲ್ಲಿ ಹರಿಗೋಲು ಹಾಕುವ ಹಂಪೇಶ್ ತಳಕ್ಕೆ ನೀರು ಬಂದರೆ ಕೂಗುವ ಗಂಟೆ ಮಾಡಿಕೊಂಡ. ಮರಿಯಮ್ಮನಹಳ್ಳಿಯ ಲಾರಿ ಡ್ರೈವರೊಬ್ಬ ತಾನು ತೂಕಡಿಸಿ ತಲೆ ವಾಲಿಸಿದರೆ ಎಬ್ಬಿಸುವ ಟೊಪ್ಪಿಗೆ ಮಾಡಿದ. ಅದು ಅವನು ಹಾಡಿಗೆ ತಲೆದೂಗಿದಾಗಲೂ ಬಡಿದುಕೊಂಡು, ಈಗ ಅವನು ಹಾಡು ಕೇಳುವುದನ್ನೇ ಬಿಟ್ಟಿದ್ದಾನೆ. ಒಯ್ಯುವವರು ಹಲಗೆಯನ್ನು ಊರಿಗೇ ಒಯ್ಯಬಹುದು. ಯಾವಾಗಲಾದರೂ ತಂದುಕೊಟ್ಟರಾಯಿತು. ಸುತ್ತಲಿನ ಮೂರು ತಾಲ್ಲೂಕಿನಲ್ಲಿ ಅವನ ನಲವತ್ತೋ ಐವತ್ತೋ ಹಲಗೆಗಳು ತಿರುಗುತ್ತಿವೆ. ಕೆಲವನ್ನು ಅವನೇ ಬಸ್ಸು ಹತ್ತಿ ಮುಟ್ಟಿಸಿ ಬಂದಿದ್ದಾನೆ. ಕಂಪ್ಲಿಗೆ ಮಾತ್ರ ಅವನು ಒಮ್ಮೆಯೂ ಹೋಗಿಲ್ಲ.

ಇನ್ನೂ ಎರಡು ವಿಚಿತ್ರ ಅವನ ಹೆಂಡತಿ ಉಚ್ಚೆಂಗಮ್ಮನಿಗೆ ಮಾತ್ರ ಗೊತ್ತು. ಆಯುಧಪೂಜೆಯ ದಿನ ಅವಳು ಬೆಳಿಗ್ಗೆ ಅಂಗಡಿಗೆ ಬಂದು ಸಾಮಾನಿಗೆಲ್ಲ ವಿಭೂತಿ ಕುಂಕುಮ ಹಚ್ಚಿ ಪೂಜೆ ಮುಗಿಸುವುದೇ ತಡ, ಇವನು ಶಟರ್ ಎಳೆದು ಹಂಪಿಯ ಹೊಳೆದಂಡೆಗೆ ಹೋಗಿ ಹೊತ್ತು ಮುಳುಗುವವರೆಗೆ ಕಲ್ಲಿನ ಮೇಲೆ ಕೂತಿರುತ್ತಾನೆ. ಮರುದಿನ ವಿಜಯದಶಮಿ. ಇಡೀ ಊರು ಒಬ್ಬರಿಗೊಬ್ಬರು ಬನ್ನಿ ಎಲೆ ಕೊಟ್ಟು, ಹಳೆಯದನ್ನು ಮರೆತು ಬಂಗಾರದಂಗಿರೋಣ ಎನ್ನುವ ದಿನ ಇವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾನೆ. ಯಾಕೆಂದು ಕೇಳಿ ಕೇಳಿ ಅವಳಿಗೂ ಸಾಕಾಗಿದೆ.

ಮೂಕಣ್ಣ ಬಂಡ್ರಿಯವನು. ಹೊಸಪೇಟೆಯಲ್ಲಿ ಐಟಿಐ ಮುಗಿಸಿ ಊರಿಗೆ ಮರಳಿದ ಹೊಸತರಲ್ಲಿ ಹಳ್ಳಿಹಳ್ಳಿಯಲ್ಲೂ ಬಾಗಿಲು ಬಡಿಯುವ ದೆವ್ವದ ಗುಲ್ಲೆದ್ದಿತ್ತು. ಕರೆದದ್ದಕ್ಕೆ ಓಗೊಟ್ಟು ಕದ ತೆಗೆದರೆ ರಕ್ತ ಕಾರಿ ಸಾಯುತ್ತಾರಂತೆ ಎಂದು ಹೆದರಿ, ಜನ ಕದದ ಮೇಲೆ ಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆದುಕೊಂಡರು. ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಬಂಡ್ರಿಯ ಅರ್ಧ ಜನಕ್ಕೆ ಬಾರದ ಓದು ದೆವ್ವಕ್ಕೆ ಬರುತ್ತದಲ್ಲ ಎಂದು ಮೂಕಣ್ಣ ಆಗ ನಕ್ಕಿದ್ದ. ತನ್ನ ಮನೆಯ ಕದದ ಮೇಲೆ ಬರೆಯಲು ಬಿಟ್ಟಿರಲಿಲ್ಲ.

ಆಮೇಲೆ ಸಂಡೂರು ಕಡೆಯ ಒಂದು ಅದಿರಿನ ಗಣಿಯಲ್ಲಿ ಅವನಿಗೆ ಎಲೆಕ್ಟ್ರಿಷಿಯನ್ ಕೆಲಸ ಸಿಕ್ಕಿತು. ಅಚ್ಚುಕಟ್ಟಿನ ಮನುಷ್ಯ. ಎಲೆಕ್ಟ್ರಿಕ್ ಸ್ಟೋರಿನ ಬೀಗದ ಕೈ ಅವನ ಸೊಂಟದಲ್ಲೇ ಇರುತ್ತಿತ್ತು. ಸಾಹೇಬರ ಚೀಟಿ ಇಲ್ಲದೆ ಅಲ್ಲಿಂದ ಒಂದು ಮೊಳೆ ಹೊರಗೆ ಬಿದ್ದದ್ದಿಲ್ಲ. ಅದಿರು ಸಾಗಿಸುವ ಬೆಲ್ಟಿನ ಕೆಳಗೆ ನುಸುಳಿ, ಚೆಲ್ಲಿದ ಪುಡಿ ಗೋರಿ ತೆಗೆಯುವ ಕೆಲಸಕ್ಕೆ ಇದ್ದವನು ಹೊನ್ನೂರುಸ್ವಾಮಿ. ಮೂಕಣ್ಣನಿಗಿಂತ ಹತ್ತು ವರ್ಷ ಚಿಕ್ಕವನು, ಒಂದೇ ಡಬ್ಬಿಯ ಬುತ್ತಿ ಹಂಚಿಕೊಂಡು ತಿಂದವನು. ಅವನ ತಲೆಯಲ್ಲಿ ಸದಾ ಏನಾದರೊಂದು ಓಡುತ್ತಿತ್ತು. ಒಂದು ದಿನ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದು ತಂದ. ಬೆಲ್ಟಿನ ಕೆಳಗೆ ಹೋಗುವವರು ತಮ್ಮ ಹಾಜರಿ ಬಿಲ್ಲೆಯನ್ನು ಒಂದು ಕೊಕ್ಕೆಗೆ ನೇತುಹಾಕಬೇಕು. ಬಿಲ್ಲೆಯ ಭಾರಕ್ಕೆ ಕೊಕ್ಕೆ ಕೆಳಗೆ ಜಗ್ಗಿದಾಗ ಒಂದು ಸ್ವಿಚ್ಚು ಒತ್ತಿಕೊಳ್ಳಬೇಕು. ಬಿಲ್ಲೆ ನೇತಾಡುತ್ತಿರುವಷ್ಟು ಹೊತ್ತು ಯಾರು ಗುಂಡಿ ಒತ್ತಿದರೂ ಬೆಲ್ಟು ಶುರುವಾಗಬಾರದು, ಬದಲಿಗೆ ಗಂಟೆ ಹೊಡೆಯಬೇಕು. ಮೂಕಣ್ಣ ನೋಡಿದ. ಅದರಲ್ಲಿ ತಪ್ಪು ಇರಲಿಲ್ಲ. ಬೇಕಾದ ಗಂಟೆಯೂ, ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ತಡೆಯುವ ರಿಲೇಯೂ ಅವನ ಸ್ಟೋರಿನಲ್ಲೇ ಇದ್ದವು.

ಆದರೆ ಬೆಲ್ಟು ನಿಲ್ಲದೆ ಹಚ್ಚಿ ನೋಡುವುದು ಹೇಗೆ? ಅದಿರಿಗೆ ಚಿನ್ನದ ಬೆಲೆ ಬಂದ ಕಾಲ, ಹಗಲೂ ರಾತ್ರಿ ಅದು ಓಡುತ್ತಿತ್ತು. ವರ್ಷಕ್ಕೆ ಒಂದೇ ದಿನ, ಆಯುಧಪೂಜೆಗೆ, ನಿಲ್ಲಿಸುತ್ತಿದ್ದರು. ಹೊನ್ನೂರುಸ್ವಾಮಿ ಆ ದಿನಕ್ಕೇ ಕಾದಿದ್ದು, ಪೂಜೆ ಮುಗಿದು ಎಲ್ಲರೂ ಮಂಡಕ್ಕಿ ತಿನ್ನುತ್ತಿರುವಾಗ ಸ್ಟೋರಿನ ಬಾಗಿಲಿಗೆ ಬಂದ.

"ಅಣ್ಣಾ, ಇವತ್ತು ಬೆಲ್ಟ್ ನಿಂತೈತಿ. ಒಂದು ರಿಲೇ, ಒಂದು ಗಂಟಿ ಕೊಡಣ್ಣ. ಹಚ್ಚಿ ನೋಡ್ಲೇನು?"

ಒಳಗೆ ಸ್ಪ್ಯಾನರು, ಮೀಟರು, ರಿಲೇಗಳೆಲ್ಲ ಕೆಂಪು ಬಟ್ಟೆಯ ಮೇಲೆ ಕುಂಕುಮ ಇಟ್ಟುಕೊಂಡು ಕೂತಿದ್ದವು. ಪೂಜೆಗಿಟ್ಟ ಆಯುಧವನ್ನು ಮರುದಿನ ಕಾಯಿ ಒಡೆಯುವವರೆಗೆ ಎತ್ತುವುದಿಲ್ಲ. ಮೂಕಣ್ಣನ ಅಪ್ಪ ಎತ್ತಿರಲಿಲ್ಲ, ಅಪ್ಪನ ಅಪ್ಪ ಕುಡುಗೋಲು ಎತ್ತಿರಲಿಲ್ಲ.

"ಪೂಜಿಗಿಟ್ಟದ್ದನ್ನ ಎತ್ತಬಾರದಲೇ ಹೊನ್ನೂರ. ನಾಳೆ ಬಾ."

ಹೊನ್ನೂರುಸ್ವಾಮಿ ನಕ್ಕು, ಆಗಲಿ ಎಂದು ಹೋದ. ಮರುದಿನ ಬೆಳಿಗ್ಗೆ ಕಾಯಿ ಒಡೆದರು, ಬೆಲ್ಟು ಶುರು ಮಾಡಿದರು. ಅವನು ಕೆಳಗಿದ್ದ. ಶುರುವಿಗೆ ಮುಂಚೆ ಕೂಗಬೇಕಾದ ಸೈರನ್ನು ಕೂಗಿತು ಎಂದು ಕೆಲವರು, ಇಲ್ಲವೆಂದು ಕೆಲವರು. ಮೂಕಣ್ಣ ಆಗಷ್ಟೇ ಸ್ಟೋರಿನ ಬೀಗ ತೆಗೆದಿದ್ದ. ರಿಲೇ ಮತ್ತು ಗಂಟೆಯನ್ನು ಎತ್ತಿ ಮೇಜಿನ ಮೇಲೆ ಇಟ್ಟಿದ್ದ, ಹೊನ್ನೂರ ಬಂದಾನೆಂದು.

ಅವನನ್ನು ಯಾರೂ ಬೈಯಲಿಲ್ಲ. ಅವನು ಮಾಡಿದ ತಪ್ಪಾದರೂ ಏನು? ವಿಚಾರಣೆಗೆ ಬಂದವರು ಅವನ ಹೆಸರನ್ನೂ ಕೇಳಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಂತೆ ಅವನೊಬ್ಬನೇ ಸೊಂಟದ ಬೀಗದ ಕೈ ಮುಟ್ಟಿ ಮುಟ್ಟಿ ನೋಡಿಕೊಂಡ. ಮಣ್ಣಿಗೆ ಹೋದಾಗ ಎಲ್ಲರ ಹಿಂದೆ ನಿಂತ. ಹೊನ್ನೂರನ ಹೆಂಡತಿ ಚೆನ್ನಬಸಮ್ಮ, ಮದುವೆಯಾಗಿ ನಾಲ್ಕು ವರ್ಷವಾದವಳು, ತವರೂರಾದ ಕಂಪ್ಲಿಗೆ ಹೋದಳು. ಎರಡು ಮೂರು ವರ್ಷಕ್ಕೆ ಗಣಿಯೇ ನಿಂತಿತು. ಮೂಕಣ್ಣ ಹೊಸಪೇಟೆಗೆ ಬಂದು ಅಂಗಡಿ ಹಾಕಿದ. ನಾಳೆ ಬಾ ಎನಿಸಿಕೊಂಡವನು ಅಂಗಡಿಗೂ ಬಂದ. ಅಂದಿನಿಂದ ಒಂದು ನಾಳೆಯನ್ನೂ ಅವನು ತಪ್ಪಿಸಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಮೂಕಣ್ಣನ ಹಲಗೆ ಹುಟ್ಟಿದ್ದು ಹಾಗೆ. ಚೀಟಿ ಬೇಡ, ಸಾಹೇಬ ಬೇಡ, ಬೀಗ ಬೇಡ, ತಲೆಯಲ್ಲಿ ಇದ್ದದ್ದನ್ನು ಯಾರು ಬೇಕಾದರೂ ಆಗಿಂದಾಗಲೇ ಹಚ್ಚಿ ನೋಡುವಂತಿರಬೇಕು ಎಂದು ಅವನು ಹಟ ಹಿಡಿದು ಮಾಡಿದ.

ಈ ಸಲ ದಸರೆಗೆ ಇನ್ನೂ ಒಂದು ವಾರವಿದ್ದಾಗ, ಮಧ್ಯಾಹ್ನದ ಹೊತ್ತಿನಲ್ಲಿ ಒಬ್ಬ ಹೆಂಗಸು ಅಂಗಡಿಗೆ ಬಂದಳು. ಸೆರಗಿನ ತುಂಬ ಹೊಟ್ಟಿನ ದೂಳು. ನಿಂತಲ್ಲೇ ಬೆಂಚಿನ ಹಲಗೆಗಳನ್ನು ಒಂದೊಂದಾಗಿ ನೋಡಿದಳು.

"ಗುರ್ತು ಸಿಗಲಿಲ್ಲೇನ್ರಿ ಅಣ್ಣಾರ? ನಾ ಚೆನ್ನಬಸಮ್ಮ. ಗಣ್ಯಾಗ ನಿಮ್ಮ ಜೋಡಿ ಬುತ್ತಿ ಉಣ್ಣತಿದ್ರಲ್ಲ, ಅವ್ರ ಮನಿಯಾಕಿ."

ಮೂಕಣ್ಣನಿಗೆ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಎಲ್ಲಿಡಬೇಕೆಂದು ತೋಚಲಿಲ್ಲ. ಕುಂದ್ರಿ ಎಂದ, ಆಮೇಲೆ ಕುಂದ್ರು ತಂಗಿ ಎಂದ. ಅವಳು ಹೋಗಿ ಕೂತದ್ದು ಬೆಂಚಿನ ಆಚೆ ತುದಿಯಲ್ಲಿ, ಹನ್ನೆರಡು ವರ್ಷದಿಂದ ಯಾರೂ ಕೂರದ ಜಾಗದಲ್ಲಿ. ಎಲ್ಲ ತಿಳಿದೇ ಬಂದಿದ್ದಾಳೆ, ಹೊನ್ನೂರ ಅವತ್ತು ನಿಮ್ಮ ಹತ್ತಿರ ಬಂದಿದ್ದನೇ ಎಂದು ಕೇಳಿಯೇ ಕೇಳುತ್ತಾಳೆ ಎಂದುಕೊಂಡ. ಈ ಒಂದು ಪ್ರಶ್ನೆಗೆ ಹೆದರಿಯೇ ಅವನು ಕಂಪ್ಲಿಯ ಬಸ್ಸು ಹತ್ತಿರಲಿಲ್ಲ.

ಅವಳು ಬಂದ ಕೆಲಸವೇ ಬೇರೆ. ಕಂಪ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ಅವಳು ಕೂಲಿ. ಭತ್ತವನ್ನು ಮೇಲಕ್ಕೊಯ್ಯುವ ಬೆಲ್ಟಿನ ಬಾಯಲ್ಲಿ ಹುಲ್ಲು ಸಿಕ್ಕಿಕೊಂಡಾಗ ಹೆಂಗಸರು ಕೈ ಹಾಕಿ ಎಳೆಯಬೇಕು, ಬೆಲ್ಟು ಓಡುತ್ತಿರುವಾಗಲೇ. ಮಹಿಳಾ ಸಂಘದ ಸಭೆಗೆ ಬಂದಿದ್ದ ಸಂಡೂರಿನ ಲಂಬಾಣಿ ಹೆಣ್ಣುಮಗಳು ತನ್ನ ದೀಪದ ಲಂಗವನ್ನೂ ಈ ಹಲಗೆಯನ್ನೂ ತೋರಿಸಿದ್ದಳಂತೆ. ಅಂದಿನಿಂದ ಚೆನ್ನಬಸಮ್ಮನ ತಲೆಯಲ್ಲಿ ಒಂದೇ ವಿಚಾರ. ಬಾಯಿಯ ಹೊರತುದಿಯಲ್ಲಿ ಒಂದು ಪಕ್ಕ ದೀಪ, ಎದುರು ಪಕ್ಕ ಕಣ್ಣಿನ ತುಂಡು ಇಟ್ಟರೆ, ಕೈ ಅಡ್ಡ ಬಂದ ಕೂಡಲೇ ಬೆಳಕು ತಪ್ಪುತ್ತದೆ. ತಪ್ಪಿದ ಕೂಡಲೇ ಗಂಟೆ ಹೊಡೆದು ಬೆಲ್ಟು ನಿಲ್ಲಬೇಕು. ಬರುತ್ತದೋ ಇಲ್ಲವೋ? ಮೂಕಣ್ಣ ಬರುತ್ತದೆ ಎಂದ. ಬೇಕಾದ ಹಲಗೆ ಇವತ್ತೇ ಒಯ್ಯಿ ಎಂದ. ಅವಳು ಎದ್ದು ಹೋದರೆ ಸಾಕಾಗಿತ್ತು ಅವನಿಗೆ.

ಒಯ್ದರೆ ಆಗದು, ನೀವೇ ಬರಬೇಕು, ಅದೂ ಆಯುಧಪೂಜೆ ದಿನವೇ ಬರಬೇಕು ಎಂದಳು ಅವಳು. ಆ ದಿನ ಅಂಗಡಿ ಇರುವುದಿಲ್ಲ ಎಂದು ಮೂಕಣ್ಣ ನೆಲ ನೋಡುತ್ತ ಹೇಳಿದ.

"ಗೊತ್ತೈತ್ರಿ. ಹೋದ ವರ್ಷ ಬಂದಿದ್ದೆ, ನಿಮ್ಮ ಬಾಗ್ಲ ಹಾಕಿತ್ತು. ವರ್ಷಕ್ಕ ಒಂದ ದಿನ ನಮ್ಮ ಬೆಲ್ಟ್ ನಿಂದ್ರತೈತಿ. ಅವತ್ತ ನಿಮ್ಮ ಅಂಗಡಿ ಮುಚ್ಚಿರತೈತಿ. ನಾವು ಯಾವತ್ತು ಹಚ್ಚಿ ನೋಡಬೇಕ್ರಿ?"

ಅವಳು ಜಗಳದ ದನಿಯಲ್ಲಿ ಹೇಳಲಿಲ್ಲ. ಹಾಗೆ ಬಂದು ಹೋದ ತಿಂಗಳಿಗೇ, ಹೋದ ಕಾರ್ತೀಕದಲ್ಲಿ, ಜೊತೆಗೆ ಕೆಲಸ ಮಾಡುವ ಗಾಯತ್ರಿಯ ಬಲಗೈಯ ಎರಡು ಬೆರಳು ಬೆಲ್ಟಿನ ಬಾಯಿಗೆ ಹೋದವು ಎಂಬುದನ್ನೂ ಅದೇ ದನಿಯಲ್ಲಿ ಹೇಳಿದಳು. ಹೊತ್ತಾಯಿತು, ಬಸ್ಸು ಸಿಗುವುದಿಲ್ಲ ಎಂದು ಎದ್ದು ಹೋದಳು.

ಯಾರಿಗೂ ಬೇಡ ಎಂದಿಲ್ಲ ಎಂಬ ಒಂದೇ ಒಂದು ಸಮಾಧಾನವನ್ನು ಅವನು ಇಷ್ಟು ವರ್ಷ ಕಟ್ಟಿಕೊಂಡು ಬದುಕಿದ್ದ. ಬಾಯಲ್ಲಿ ಅನ್ನದಿದ್ದರೇನು, ಶಟರ್ ಎಳೆದು ಅಂದ ಹಾಗೆಯೇ ಆಯಿತಲ್ಲ. ಬಂಡ್ರಿಯ ಕದಗಳ ಮೇಲೆ ಬರೆದದ್ದನ್ನೇ ತಾನೂ ಬರೆದಿದ್ದೆ ಎಂದುಕೊಂಡ. ಬೆಂಚಿನ ತುದಿಯಿಂದ ದನಿ ಬಂದಾಗ ಆ ದಿನ ಮೊದಲ ಬಾರಿ ಅವನಿಗೆ ಉತ್ತರ ಕೊಡಲು ಆಗಲಿಲ್ಲ.

ಆಯುಧಪೂಜೆಯ ಬೆಳಿಗ್ಗೆ ಉಚ್ಚೆಂಗಮ್ಮ ಎಂದಿನಂತೆ ಎಲ್ಲವನ್ನೂ ಕೆಂಪು ಬಟ್ಟೆಯ ಮೇಲೆ ಜೋಡಿಸಿ, ನಿಂಬೆಹಣ್ಣು ಹೋಳು ಮಾಡಿ ಕುಂಕುಮ ಸವರಿ ಇಟ್ಟು, ಕರ್ಪೂರ ಬೆಳಗಿ ಕೈ ಮುಗಿದಳು. ಕಣ್ಣು ಬಿಟ್ಟು ನೋಡಿದರೆ ಗಂಡ ಒಂದು ಹಲಗೆಯನ್ನು ಎತ್ತಿ ಕೈಚೀಲಕ್ಕೆ ಹಾಕುತ್ತಿದ್ದಾನೆ, ಇಕ್ಕಳ ಎತ್ತುತ್ತಿದ್ದಾನೆ, ಮೀಟರ್ ಎತ್ತುತ್ತಿದ್ದಾನೆ. ಅವಳಿಗೆ ಗಾಬರಿಯಾಯಿತು. ಪೂಜೆಗಿಟ್ಟದ್ದನ್ನು ಮುಟ್ಟಿದರೆ ಒಳ್ಳೆಯದಾಗುವುದಿಲ್ಲ ಎಂದು ಅಡ್ಡ ನಿಂತಳು.

"ಅವತ್ತು ಮುಟ್ಟಿದ್ರ ಒಂದು ಜೀವ ಉಳೀತಿತ್ತು," ಎಂದ ಮೂಕಣ್ಣ. ಮದುವೆಯಾಗಿ ಮೂವತ್ತು ವರ್ಷಕ್ಕೆ ಅವಳು ಕೇಳಿದ ಹೊಸ ಮಾತು ಅದು. ಅವನ ಮುಖ ನೋಡಿ ದಾರಿ ಬಿಟ್ಟಳು. ಗೊಣಗುತ್ತಲೇ, ದೃಷ್ಟಿಯಾಗದಿರಲಿ ಎಂದು ಕುಂಕುಮದ ಎರಡು ನಿಂಬೆ ಹೋಳುಗಳನ್ನು ಹಲಗೆಯ ಮೇಲೆಯೇ ಇಟ್ಟು ಚೀಲದ ಬಾಯಿ ಕಟ್ಟಿದಳು.

ಬಸ್ಸಿನಲ್ಲಿ ಹಬ್ಬದ ಜನ. ಕಮಲಾಪುರ ದಾಟಿದ ಮೇಲೆ ಬಾಳೆ ತೋಟ, ಆಮೇಲೆ ಕಾಲುವೆ ನೀರಿನ ಭತ್ತದ ಗದ್ದೆ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಮೂಕಣ್ಣನ ಪಕ್ಕದ ಸೀಟಿಗೆ ಯಾಕೋ ಯಾರೂ ಬರಲಿಲ್ಲ. ಮುಂದಿನ ಸೀಟಿನಲ್ಲಿ ಮೂರು ಮೂರು ಜನ ಒತ್ತಿಕೊಂಡು ಕೂತಿದ್ದರು, ನಿಂತವರು ಅವನ ಚೀಲಕ್ಕೆ ಒರಗುತ್ತಿದ್ದರು, ಆದರೂ ಆ ಜಾಗ ಕಂಪ್ಲಿಯವರೆಗೆ ಖಾಲಿಯೇ ಇತ್ತು. ಅವನೂ ಅದನ್ನು ಯಾರಿಗೂ ತೋರಿಸಲಿಲ್ಲ.

ಗಿರಣಿಯಲ್ಲಿ ಪೂಜೆ ಆಗಿತ್ತು. ಬೆಲ್ಟಿಗೆ ಚೆಂಡುಹೂವಿನ ಸರ, ಮೋಟಾರಿಗೆ ಕುಂಕುಮ, ಬಾಗಿಲಲ್ಲಿ ಒಡೆದ ಬೂದುಗುಂಬಳ. ಯಂತ್ರ ನಿಂತ ಗಿರಣಿಯೆಂದರೆ ಗುಡಿಯ ಹಾಗೆ ಸದ್ದಿಲ್ಲ. ಮೇಸ್ತ್ರಿ ಪಾಲಪ್ಪ ಇವತ್ತು ಯಂತ್ರ ಮುಟ್ಟಬಾರದು, ಮಲಗಿದೆ ಎಂದು ತಕರಾರು ತೆಗೆದ. ಕೂಸು ಮಲಗಿದಾಗಲೇ ಅಲ್ಲವೇನಪ್ಪ ಉಗುರು ತೆಗೆಯುವುದು ಎಂದಳು ಚೆನ್ನಬಸಮ್ಮ. ಪಾಲಪ್ಪ, ಓಡಿಸದಿದ್ದರಾಯಿತು ಎಂದು ಮಂಡಕ್ಕಿ ತಿನ್ನಲು ಹೋದ.

ದೀಪ, ಕಣ್ಣು ಎರಡನ್ನೂ ಬೆಲ್ಟಿನ ಬಾಯಿಯ ಎರಡು ಪಕ್ಕಕ್ಕೆ ಕಟ್ಟಿದರು. ತಂತಿ ಎಳೆದು ತಂದು ಹಲಗೆಗೆ ಸೇರಿಸಿದರು. ಚೆನ್ನಬಸಮ್ಮನೇ ಒಂದೊಂದು ತುಂಡನ್ನು ಟಕ್ ಟಕ್ಕೆಂದು ಕೂರಿಸಿದಳು. ಯಾವುದು ಎಲ್ಲಿ ಎಂದು ಅವಳಿಗೆ ಹೇಳಿಕೊಡುವುದೇನೂ ಇರಲಿಲ್ಲ, ಇಡೀ ವರ್ಷ ಮನಸ್ಸಿನಲ್ಲೇ ಜೋಡಿಸಿದ್ದಳು. ಮೂಕಣ್ಣ ಬ್ಯಾಟರಿ ಹಚ್ಚಿ ಕೈ ತೆಗೆದ. ಇಬ್ಬರೂ ಬೆಲ್ಟಿನಿಂದ ಮಾರು ದೂರ ನಿಂತಿದ್ದರು.

ಗಂಟೆ ಹೊಡೆಯತೊಡಗಿತು.

ಬೆಲ್ಟಿನ ಬಾಯಿಗೆ ಯಾರ ಕೈಯೂ ಅಡ್ಡ ಇರಲಿಲ್ಲ. ದೀಪ ಉರಿಯುತ್ತಿತ್ತು. ನಿಂತ ಗಿರಣಿಯಲ್ಲಿ ಆ ಸದ್ದು ತಗಡಿನ ಮಾಡಿಗೆ ತಾಗಿ ತಿರುಗಿ ಬಂತು. ಬೆಲ್ಟಿನ ಕೆಳಗೆ, ಕತ್ತಲಿರುವಲ್ಲಿ, ಯಾರೋ ಬಗ್ಗಿಕೊಂಡು ಕೂತಂತೆ ಮೂಕಣ್ಣನಿಗೆ ಕಂಡಿತು.

"ಹೊನ್ನೂರಾ, ಹೊರಗ ಬಾರಲೇ," ಎಂದುಬಿಟ್ಟ. "ಹೊರಗ ಬಾ. ಬೆಲ್ಟ್ ಹಚ್ಚತಾರ."

ಚೆನ್ನಬಸಮ್ಮ ಅವನನ್ನೇ ನೋಡಿದಳು. ಮದುವೆಯಾದಂದಿನಿಂದ ಅವಳು ಬಾಯಲ್ಲಿ ಆಡದ ಹೆಸರು ಅದು. ಬೆಲ್ಟಿನ ಕೆಳಗೂ ಬಗ್ಗಿ ನೋಡಿದಳು, ಅಲ್ಲಿ ಒಂದು ಹರಕು ಚೀಲವಿತ್ತು. ಆಮೇಲೆ ಹಲಗೆಯನ್ನು ಎತ್ತಿ ಮೂಗಿನ ಹತ್ತಿರ ಹಿಡಿದಳು. ಪೂಜೆಯ ಕುಂಕುಮವೆಂದು ಇಬ್ಬರೂ ಒರೆಸದೆ ಬಿಟ್ಟಿದ್ದ ಕಡೆ, ಎರಡು ಗುಂಡಿಗಳ ನಡುವೆ ಕೆಂಪು ರಸ ಹರಿದು ನಿಂತಿತ್ತು. ಬಸ್ಸಿನ ನೂಕಾಟದಲ್ಲಿ ಉಚ್ಚೆಂಗಮ್ಮನ ನಿಂಬೆ ಹೋಳು ಹಿಂಡಿಹೋಗಿ, ಹುಳಿಯ ಹಸಿಯಲ್ಲೇ ಕರೆಂಟು ದಾರಿ ಮಾಡಿಕೊಂಡಿತ್ತು. ಅವಳು ಸೆರಗಿನಿಂದ ಒತ್ತಿ ಒರೆಸಿದಳು. ಗಂಟೆ ನಿಂತಿತು.

"ನಿಂಬಿಹಣ್ಣಿನ ರಸ ರೀ ಇದು," ಎಂದಳು. ಹಲಗೆಯನ್ನು ಕೆಳಗಿಟ್ಟು ಕೇಳಿದಳು. "ಅವತ್ತು ಅವ್ರು ನಿಮ್ಮ ಹತ್ರ ಬಂದಿದ್ರೇನು? ಹಬ್ಬದ ದಿನ ಅಣ್ಣನ ಕಡೆ ಸಾಮಾನು ಇಸ್ಕೊಂತೀನಿ ಅಂತ ಮನ್ಯಾಗ ಹೇಳಿ ಹೋಗಿದ್ರು."

ಬಂದಿರಲಿಲ್ಲ ಎಂದುಬಿಡಬಹುದಿತ್ತು. ಅವತ್ತು ಸ್ಟೋರಿನ ಬಾಗಿಲಲ್ಲಿ ಆಡಿದ ಮಾತು ಗೊತ್ತಿದ್ದವರು ಇವನೂ ಸತ್ತವನೂ ಇಬ್ಬರೇ. ಮೂಕಣ್ಣ ಭತ್ತದ ಮೂಟೆಯ ಮೇಲೆ ಕುಸಿದು ಕೂತು ಎಲ್ಲವನ್ನೂ ಹೇಳಿದ. ಕ್ಯಾಲೆಂಡರಿನ ಗೆರೆ, ಬಿಲ್ಲೆಯ ಕೊಕ್ಕೆ, ಕೆಂಪು ಬಟ್ಟೆಯ ಮೇಲಿನ ರಿಲೇ. ಬೀಗದ ಕೈ ತನ್ನ ಸೊಂಟದಲ್ಲೇ ಇತ್ತು ಎಂದ. "ನಾಳೆ ಬಾ ಅಂದೆ ತಂಗಿ. ನಾಳೆ ಬಾ ಅಂದೆ," ಎಂದು ಎರಡು ಸಲ ಹೇಳಿ ಅತ್ತ.

ಚೆನ್ನಬಸಮ್ಮ ಅಳಲಿಲ್ಲ. ಸೆರಗಿಗೆ ಹತ್ತಿದ ಕೆಂಪನ್ನು ಬೆರಳಿನಿಂದ ಉಜ್ಜುತ್ತ ನಿಂತಳು. ಅವಳ ಮುಖದ ಮೇಲೆ ಏನಿದೆ ಎಂದು ನೋಡುವ ಧೈರ್ಯ ಅವನಿಗಿರಲಿಲ್ಲ. ಆಮೇಲೆ ಅವಳು ಬೆಲ್ಟಿನ ಬಾಯಿಗೆ ತನ್ನ ಕೈ ಅಡ್ಡ ಹಿಡಿದಳು. ಗಂಟೆ ಹೊಡೆಯಿತು. ತೆಗೆದಳು, ನಿಂತಿತು. ಹತ್ತು ಸಲ ಹಾಗೆ ನೋಡಿದಳು. ಮೂಕಣ್ಣ ಕಣ್ಣೊರೆಸಿಕೊಂಡು, ಮೇನ್ ಆಫ್ ಮಾಡಿ, ಗೋಡೆಯ ಕರೆಂಟು ಹಲಗೆಗೆ ತಾಗದಂತೆ ನಡುವೆ ಒಂದು ರಿಲೇ ಇಟ್ಟು, ಅದನ್ನು ಸ್ಟಾರ್ಟರಿನ ಸ್ಟಾಪ್ ಗುಂಡಿಯ ತಂತಿಗೆ ಸೇರಿಸುವ ಕೆಲಸವನ್ನು ಸಂಜೆಯೊಳಗೆ ಮುಗಿಸಿದ. ಹೊರಡುವಾಗ, ತನ್ನನ್ನು ಕ್ಷಮಿಸಬೇಕು ಎಂದು ಅವನು ಹೇಗೋ ಹೇಳಿದ.

"ನಾಳೆ ಬರ್ರಿ," ಎಂದಳು ಚೆನ್ನಬಸಮ್ಮ.

ಅವನು ಹೋದ. ಹೋಗದೆ ಇರುವುದು ಹೇಗೆ? ವಿಜಯದಶಮಿಯ ಮೊದಲ ಬಸ್ಸಿಗೇ ಕಂಪ್ಲಿಯಲ್ಲಿಳಿದ. ನಾಳೆ ಬಾ ಎನಿಸಿಕೊಂಡವನ ಕಾಲು ಹೇಗೆ ನಡೆಯುತ್ತದೆ ಎಂಬುದು ಹದಿನಾರು ವರ್ಷದ ಮೇಲೆ ಅವನಿಗೆ ತಿಳಿಯಿತು.

ಗಿರಣಿಯ ಹೆಂಗಸರೆಲ್ಲ ಬೆಲ್ಟಿನ ಸುತ್ತ ನಿಂತಿದ್ದರು. ಕಾಯಿ ಒಡೆದದ್ದಾಗಿತ್ತು. ಬೆಲ್ಟು ಓಡುತ್ತಿರುವಾಗ ಈ ಹಲಗೆ ಅದನ್ನು ನಿಲ್ಲಿಸುತ್ತದೋ ಇಲ್ಲವೋ, ಅದಿನ್ನೂ ಯಾರಿಗೂ ಗೊತ್ತಿರಲಿಲ್ಲ. ಮೂಕಣ್ಣ ಮೊದಲು ಕೋಲು ಹಿಡಿದು ನೋಡೋಣ ಎಂದ. ಕೋಲಿಗೆ ಬೆರಳಿಲ್ಲವಲ್ಲ ಎಂದು ಗುಂಪಿನಲ್ಲಿ ಯಾರೋ ಅಂದರು. ಅವನು ಕೋಲನ್ನು ಬದಿಗಿಟ್ಟು ಅಂಗಿಯ ತೋಳು ಮಡಿಸಿದ.

"ಹಚ್ಚಲೇನ್ರಿ?" ಎಂದು ಸ್ಟಾರ್ಟರಿನ ಹತ್ತಿರದಿಂದ ಪಾಲಪ್ಪ ಕೇಳಿದ. ಅದೇ ಗಳಿಗೆಗೆ ಬೆನ್ನ ಹಿಂದಿನಿಂದಲೂ ಅದೇ ಮಾತು ಬಂತು, ನಗುನಗುತ್ತ. ಯಾರಿಗೆ ಉತ್ತರ ಕೊಡುತ್ತಿದ್ದೇನೆಂದು ಮೂಕಣ್ಣನಿಗೆ ಗೊತ್ತಾಗಲಿಲ್ಲ.

"ಹಚ್ಚು," ಎಂದ.

ಬೆಲ್ಟು ಹೊರಟಿತು. ಅವನು ಬಲಗೈಯನ್ನು ಅದರ ಬಾಯೊಳಕ್ಕೆ ಚಾಚಿದ. ಗಂಟೆ ಹೊಡೆಯಿತು, ಮೋಟಾರಿನ ಸದ್ದು ಕುಂದಿತು, ಅವನ ಬೆರಳ ತುದಿಯಿಂದ ಮೊಳದಷ್ಟು ದೂರದಲ್ಲಿ ಬೆಲ್ಟು ತೆವಳಿ ನಿಂತಿತು. ಹೆಂಗಸರು ಒಬ್ಬೊಬ್ಬರೇ ಮುಂದೆ ಬಂದು ತಮ್ಮ ಕೈಗಳನ್ನು ನೋಡಿಕೊಂಡರು.

ಚೆನ್ನಬಸಮ್ಮ ತಟ್ಟೆಯಲ್ಲಿ ಬನ್ನಿ ಎಲೆ ಹಿಡಿದು ನಿಂತಿದ್ದಳು. ಮೂಕಣ್ಣ ಹದಿನಾರು ವರ್ಷದ ಮೇಲೆ ಬೆನ್ನ ಹಿಂದಿನ ಕೈ ಬಿಡಿಸಿ ಮುಂದೆ ಚಾಚಿದ. ಅವಳು ಅವನ ಅಂಗೈಯಲ್ಲಿ ಎಲೆ ಇಟ್ಟಳು, ಆದರೆ ಬಂಗಾರದ ಮಾತು ಆಡಲಿಲ್ಲ.

"ಇದನ್ನ ನೀವು ಇಟ್ಕೋಬ್ಯಾಡ್ರಿ," ಎಂದಳು. "ಆಕಿಗೆ ಕೊಡ್ರಿ. ಹೋದ ವರ್ಷ ಮುಚ್ಚಿದ ಬಾಗ್ಲದ ಲೆಕ್ಕ ಆಕೀದು. ನಂದು ಆಮ್ಯಾಲೆ ನೋಡೂಣು."

ಗಾಯತ್ರಿ ಕಂಬಕ್ಕೆ ಒರಗಿ ನಿಂತಿದ್ದಳು. ಬನ್ನಿಯನ್ನು ಎಡಗೈಯಲ್ಲಿ ಇಸಿದುಕೊಳ್ಳುವುದಿಲ್ಲ, ಬಲಗೈಯನ್ನೇ ಚಾಚಿದಳು. ಮೂರು ಬೆರಳು. ಎಲೆ ಜಾರದಂತೆ ಮೂಕಣ್ಣ ತನ್ನ ಎಡಗೈಯಿಂದ ಆ ಕೈಯನ್ನು ಕೆಳಗಿನಿಂದ ಹಿಡಿದುಕೊಂಡು, ಎಲೆಯನ್ನು ಅದರೊಳಗೆ ಇಟ್ಟ. ಪಾಲಪ್ಪ ಮತ್ತೆ ಬೆಲ್ಟು ಹಚ್ಚಿದರೂ ಅವನು ಆ ಕೈ ಬಿಟ್ಟಿರಲಿಲ್ಲ.